ಸಮಾಳದಡಿಯ ಹೆಸರುಗಳು

ಒಬ್ಬ ಮನುಷ್ಯನ ದನಿ ಕದಿಯಬೇಕಾದರೆ ಮೊದಲು ಅವನು ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾನೆಂದು ನೋಡಬೇಕು. ಮಾತೆಲ್ಲ ಆಮೇಲೆ. ಹರಿಹರದ ಅಜ್ಜ ‘ಜಮಾದಾರ’ ಎನ್ನುವ ಮೊದಲು ಮೂಗಿನಿಂದ ಸಣ್ಣದೊಂದು ಉಸಿರೆಳೆಯುತ್ತಿದ್ದರು. ಬಿಸಿ ಚಹಾಕ್ಕೆ ತುಟಿ ಹಚ್ಚುವ ಮುಂಚೆ ಎಳೆಯುತ್ತೇವಲ್ಲ, ಹಾಗೆ. ‘ಜ’ ನಾಲಗೆಯ ತುದಿಯಲ್ಲಿ, ‘ಮಾ’ ಮೂಗಿನಲ್ಲಿ, ‘ದಾರ’ ಮಾತ್ರ ಎದೆಯ ಬುಡದಿಂದ. ಇದಿಷ್ಟನ್ನು ಹಿಡಿಯಲು ನಾನು ಹರಿಹರ–ದಾವಣಗೆರೆ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ‘ಜಮಾದಾರ, ಜಮಾದಾರ’ ಎಂದು ಗೊಣಗುತ್ತಾ ಕೂತಿರುತ್ತಿದ್ದೆ. ಒಂದು ದಿನ ಕಂಡಕ್ಟರು ನನ್ನ ಭುಜ ತಟ್ಟಿ, “ಆ ಹೆಸರಿನ ಸ್ಟಾಪಿಲ್ಲ ಕಣ್ರೀ, ಬಸ್ ಸ್ಟ್ಯಾಂಡಿನಾಗ ಇಳೀರಿ,” ಎಂದರು. ಇಳಿಯುವ ಹೊತ್ತಿಗೆ ಅವರ ದನಿಯೂ ನನ್ನ ಜೇಬಿನಲ್ಲಿತ್ತು.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತಿದು. ನಾನಾಗ ಎಂ.ಸಿ.ಸಿ. ಬಿ ಬ್ಲಾಕಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದೆ. ಸ್ಟುಡಿಯೋ ಎಂದರೆ ಮಾಲೀಕರ ಮನೆಯ ಮಲಗುವ ಕೋಣೆ. ಬಾಗಿಲಿಗೆ ಕೌದಿ, ಗೋಡೆ ತುಂಬ ಮೊಟ್ಟೆ ಟ್ರೇ. ಮಾಲೀಕರು ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಪೈಕಿ. ಆ ಟ್ರೇಗಳನ್ನು ಸೀರೆ ಹೊದಿಸಿ, ಮದುವೆ ಹೆಣ್ಣನ್ನು ತಂದಂತೆ ಆಟೋದಲ್ಲಿ ತಂದಿದ್ದರು. ಸೀರೆ ಅಂಗಡಿಯ ಜಾಹೀರಾತಿನಲ್ಲಿ ಅತ್ತೆಯೂ ನಾನೇ, ಸೊಸೆಯೂ ನಾನೇ. ಚುನಾವಣೆ ಬಂದರೆ ಎಲ್ಲ ಪಕ್ಷದ ಆಟೋಗಳಲ್ಲೂ ನನ್ನದೇ ಕೂಗು. ಊರಿನಲ್ಲಿ ಯಾರು ಸೋತರೂ ನನ್ನ ದನಿಯಲ್ಲೇ ಸೋಲುತ್ತಿದ್ದರು.

ಅಲ್ಲಿಗೆ ಹರಿಹರದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಬಂದರು. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಕೂಟರಿನ ಕೀಲಿ. ಕೂತವರು ಕೀಲಿಯನ್ನು ತಿರುಗಿಸುತ್ತಲೇ ಇದ್ದರು.

“ನಮ್ಮ ತಂದೆಯವರ ಗಂಟ್ಲಾಗ ಗಡ್ಡೆ ಆಗೈತ್ರಿ. ಕರೆಂಟ್ ಕೊಡ್ಸಿದ್ವಿ, ಕರಗ್ಲಿಲ್ಲ. ದನಿಪೆಟ್ಟಿಗೆನೇ ತೆಗೀಬೇಕಂತಾರೆ ಡಾಕ್ಟ್ರು. ಆಮ್ಯಾಲೆ ಮಾತು ಬರಂಗಿಲ್ಲ.”

ಮಾಲೀಕರು ‘ಶಿವನೇ’ ಎಂದರು. ನಾನು ಸುಮ್ಮನೆ ಅವರ ‘ಬರಂಗಿಲ್ಲ’ ಹೇಗೆ ಕೊನೆಯಲ್ಲಿ ಮಡಚಿಕೊಂಡಿತು ಎಂದು ನೋಡುತ್ತಿದ್ದೆ. ಕೆಟ್ಟ ಚಟ.

“ಮಾನಮಿ ದಿನ ನಮ್ಮನ್ಯಾಗ ಸೇವೆ ಒಪ್ಪಿಸೋದು ಅಂತ ಒಂದು ಪದ್ಧತಿ ಐತೆ. ನಮ್ಮ ಹಿರೀಕರೊಬ್ರು ಜಮಾದಾರ್ರಿದ್ರು. ಕಂದಾಚಾರದಾಗೆ. ಅವ್ರ ಚರಿತ್ರೆ ಎಲ್ಲಾ ಮನಿ ಹಿರಿಯ ಕತ್ತಿ ಹಿಡಿದು ಹೇಳ್ಬೇಕು. ಆಪರೇಶನ್ ಆಗೋದ್ರೊಳಗ ಅದನ್ನ ಕ್ಯಾಸೆಟ್ ಮಾಡ್ಕೊಡ್ರಿ. ಅಪ್ಪಾರ ದನಿ ಎಲ್ಲಿ ಕೈ ಕೊಡ್ತೈತೋ ಅಲ್ಲಿ,” ಎಂದು ನನ್ನತ್ತ ನೋಡಿದರು, “ಇವ್ರು ತುಂಬ್ಲಿ. ಗೊತ್ತಾಗಬಾರದು.”

ಕಂದಾಚಾರ ಎಂದರೇನೆಂದು ನನಗೆ ತಿಳಿದಿರಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ, ಅದು ಮಾಲೀಕರ ತಲೆಯಾಡಿಸುವಿಕೆಯ ನಕಲು, ಅವರಿಗೂ ತಿಳಿದಿರಲಿಲ್ಲ. ಆಮೇಲೆ ಅಜ್ಜನಿಂದಲೇ ಕಲಿತೆ. ಹಿಂದೆ ಮೈಸೂರು ಸೀಮೆಯ ಊರೂರಲ್ಲಿದ್ದ ಕಾಲಾಳು ಪಡೆ ಅದು. ಅರ್ಧ ರೈತರು, ಅರ್ಧ ಸಿಪಾಯಿಗಳು. ಖಜಾನೆ ಕಾಯುವುದು, ಟಪಾಲು ಹೊರುವುದು, ಕಳ್ಳರನ್ನು ಹಿಡಿಯುವುದು. ಆಡಳಿತ ಇಂಗ್ಲಿಷ್ ದೊರೆಗಳ ಕೈಗೆ ಹೋದಮೇಲೂ ಪಡೆ ಉಳಿಯಿತು. ಸಲಾಮು ಹೊಡೆಯುವ ದಿಕ್ಕು ಮಾತ್ರ ಬದಲಾಯಿತು. ಜಮಾದಾರನೆಂದರೆ ಅಂಥದೊಂದು ತುಕಡಿಯ ಮೇಲಿನ ಅಧಿಕಾರಿ.

ಅಜ್ಜನ ಮನೆ ಹರಿಹರದ ಗುಡಿಗೆ ಹತ್ತಿರದ ಓಣಿಯಲ್ಲಿತ್ತು. ಟೇಪ್ ರೆಕಾರ್ಡರು, ಮೈಕು, ವೈರಿನ ಸುರುಳಿ ಹೊತ್ತು ಪಡಸಾಲೆಗೆ ಕಾಲಿಟ್ಟರೆ, ಮೂಲೆಯ ಮಂಚದ ಮೇಲೆ ಸಣ್ಣ ಆಕೃತಿಯೊಂದು ಗೋಡೆಗೊರಗಿ ಕೂತಿತ್ತು. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಮೇಲೆ ಕರೆಂಟ್ ಕೊಟ್ಟು ಕಪ್ಪಾದ ಚರ್ಮ.

“ನೀನೇನೋ ದನಿ ಕಳ್ಳ?”

“ಹೌದ್ರಿ ಅಜ್ಜಾ.”

“ಪೊಲೀಸ್ರಿಗೆ ಹೇಳ್ತೀನಿ ನೋಡು.”

“ಲಗೂನ ಹೇಳ್ರಿ ಮತ್ತೆ, ಇನ್ನೂ ದನಿ ಐತಲ್ಲ.”

ಚಹಾ ತಂದಿದ್ದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟರು. ಅಜ್ಜ ನನ್ನನ್ನು ದಿಟ್ಟಿಸಿ ನೋಡಿ, ಹೆಗಲು ಕುಣಿಯುವ ಹಾಗೆ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವ ಹೊತ್ತಿಗೆ ಚಹಾ ತಣ್ಣಗಾಗಿತ್ತು.

ಬೆಳಿಗ್ಗೆ ಮಾತ್ರ ಕೆಲಸ. ಬಿಸಿಲೇರಿದರೆ ಅಜ್ಜನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಮೊದಲು ಬಿಸಿನೀರು. ಹಾಲು ಕೂಡದು, ಕಫ ಕಟ್ಟುತ್ತದೆ. ಮೈಕಿಗೆ ಕರವಸ್ತ್ರ ಸುತ್ತಿ, ಬಾಯಿಗೆ ಎದುರಾಗಿ ಇಡದೆ ಕೆನ್ನೆಯ ಪಕ್ಕಕ್ಕೆ ಇಡುತ್ತಿದ್ದೆ. ಎದುರಿಗಿಟ್ಟರೆ ಅವರ ಉಸಿರಿನ ಕರಕರ ಮಾತಿಗಿಂತ ದೊಡ್ಡದಾಗಿ ಬೀಳುತ್ತಿತ್ತು. ಗುಡಿಯ ಗಂಟೆ ಬಡಿದರೆ ನಿಲ್ಲಿಸು. ಹುಬ್ಬಳ್ಳಿ ಕಡೆಯ ಗಾಡಿ ಕೂಗಿದರೆ ನಿಲ್ಲಿಸು. ಫೋನು ಬಂದರೆ ಸಾಹುಕಾರರು ಇಡೀ ಓಣಿಗೆ ಕೇಳುವಂತೆ ‘ಹಲೋ’ ಎನ್ನುತ್ತಿದ್ದರು, ಆಗಲೂ ನಿಲ್ಲಿಸು. ಒಮ್ಮೆ ಆ ‘ಹಲೋ’ವನ್ನು ನಾನು ಅಜ್ಜನ ಮುಂದೆ ಮಾಡಿ ತೋರಿಸಿದೆ. ಒಳಗಿನಿಂದ ಸೊಸೆ, “ಯಾರದ್ರಿ ಫೋನು?” ಎಂದು ಗಂಡನನ್ನು ಕೇಳಿದರು. ಗಂಡ ಗಿರಣಿಗೆ ಹೋಗಿ ಬಹಳ ಹೊತ್ತಾಗಿತ್ತು.

ವೀರಭದ್ರನ ಮುಂದೆ ಪುರವಂತರು ಕತ್ತಿ ಹಿಡಿದು ಕೂಗಿ ಒಡಪು ಹೇಳುತ್ತಾರಲ್ಲ, ಸೇವೆಯ ಧಾಟಿ ಹೆಚ್ಚುಕಡಿಮೆ ಅದೇ. ಆದರೆ ಇಲ್ಲಿ ‘ಅವನು’ ಎನ್ನುವ ಮಾತಿಲ್ಲ. ಹೇಳುವವನೇ ಜಮಾದಾರ.

“ಅಹಹಾ! ಮೀಸೆ ಮೂಡದ ವಯಸ್ಸು, ಅಪ್ಪನ ನೇಗಿಲು ಬಿಟ್ಟೆನು, ದೊರೆಯ ಬಿಲ್ಲೆ ಕಟ್ಟಿದೆನು. ಅಹಹಾ! ತುಂಗಭದ್ರೆ ಎರಡೂ ದಡ ನುಂಗಿದ ದಿನ ಖಜಾನೆ ಚೀಲ ತಲೆಗಿಟ್ಟೆನು, ಹರಿಗೋಲು ತಿರುಗಿತು, ನಾ ತಿರುಗಲಿಲ್ಲ...”

ಹೀಗೆ ಸಾಗುತ್ತದೆ. ಕುರುಚಲು ಕಾಡಿನಲ್ಲಿ ದರೋಡೆಕೋರರನ್ನು ಹಿಡಿದದ್ದು. ಹರಿಹರದ ದಂಡಿನಲ್ಲಿ ದೊರೆ ಎದುರು ಕರೆಸಿ ಕತ್ತಿ, ನಡುಪಟ್ಟಿ ಕೊಟ್ಟು ಜಮಾದಾರ ಮಾಡಿದ್ದು. ಅಕ್ಷರ ಬಾರದ ಜಮಾದಾರ ಜಮಾದಾರನಲ್ಲವೆಂದು ಇನ್ನೊಬ್ಬ ಅಧಿಕಾರಿ ಹಂಗಿಸಿದಾಗ ಮೀಸೆ ಬಂದ ಮೇಲೆ ಮರಳಿನಲ್ಲಿ ಬೆರಳಾಡಿಸಿ ಓದುಬರಹ ಕಲಿತದ್ದು. ಅಲ್ಲಿಗೆ ಸೀಮೆಯಲ್ಲಿ ದಂಗೆ ಏಳುತ್ತದೆ. ಕಂದಾಯ ಕಟ್ಟುವುದಿಲ್ಲವೆಂದು ಹಳ್ಳಿಗಳು ತಿರುಗಿ ಬೀಳುತ್ತವೆ. ದೊರೆ ಜಮಾದಾರನನ್ನು ಡೇರೆಗೆ ಕರೆಸುತ್ತಾನೆ.

ಅಲ್ಲಿ ಅಜ್ಜ ಬಾಯಿ ಮುಚ್ಚಿದರು. ಕೈಯಿಂದ ಗಾಳಿಯಲ್ಲಿ ಬಾರಿಸಿ ತೋರಿಸಿ, “ಇಲ್ಲಿ ಸಮಾಳ,” ಎಂದರು. ಆಮೇಲೆ, “ದಂಗೆ ಅಡಗಿತು, ಇನಾಮು ಭೂಮಿ ಬಂದಿತು, ಆಮೇಲೆ ನಾನು ಲೇಖಣಿ ಮುಟ್ಟಲಿಲ್ಲ,” ಎಂದು ಸೇವೆ ಮುಗಿಸಿಬಿಟ್ಟರು.

ಸಮಾಳ ನಂದಿಕೋಲಿನ ಮುಂದೆ ಬಾರಿಸುವ ಚರ್ಮವಾದ್ಯ. ಅದು ಮಾತಾಡಿದರೆ ಬೇರೆಯವರು ಮಾತಾಡಲಾಗದು. ಪ್ರತಿವರ್ಷ ಈ ಮನೆಗೆ ಬಾರಿಸಲು ಬರುತ್ತಿದ್ದವರು ಕಡರನಾಯಕನಹಳ್ಳಿಯವರು. ಅವರನ್ನು ಕರೆಸಿ ಆ ಭಾಗದ ಸದ್ದನ್ನು ಬೇರೆ ಕ್ಯಾಸೆಟ್ಟಿಗೆ ತುಂಬಿಕೊಂಡೆ. ಎಷ್ಟು ಹೊತ್ತು ಬಾರಿಸಬೇಕೆಂದು ಕೇಳಿದರೆ, “ಅಜ್ಜಾರು ಕತ್ತಿ ಇಳಸೋತನ. ಒಳಗೇನು ನಡೀತೈತೋ ನಮಗ ಗೊತ್ತಿಲ್ಲಪ್ಪಾ. ನಮ್ಮಪ್ಪನಿಗೂ ಗೊತ್ತಿರ್ಲಿಲ್ಲ. ಜೋರು ಬಾರ್ಸು ಅಂದವ್ರೆ, ಬಾರ್ಸಾದು,” ಎಂದರು.

ಅವರು ಬಾರಿಸುತ್ತಿದ್ದಾಗ ನಾನು ಅಜ್ಜನ ಬಾಯಿ ನೋಡುತ್ತಿದ್ದೆ. ನೋಡುವುದು ನನ್ನ ಕಸುಬು. ತುಟಿಗಳು ಆಡುತ್ತಿದ್ದವು. ಜಪದ ಹಾಗಲ್ಲ, ನಿಂತು, ಉಸಿರೆಳೆದು, ಮತ್ತೆ ಆಡಿ, ಮತ್ತೆ ನಿಂತು. ಪ್ರತಿ ಸಲ ನಿಲ್ಲುವ ಮೊದಲು ಒಂದೇ ಆಕಾರ.

“ಅಜ್ಜಾ, ಸಮಾಳದ ಕೆಳಗ ಏನೋ ಹೇಳ್ತೀರಿ ನೀವು.”

“ಕಳ್ಳಗೆ ಕಳ್ಳನ ಕಣ್ಣು,” ಎಂದರು. ಅಷ್ಟೇ.

ಮರುದಿನ ತಾವಾಗಿಯೇ ಆ ಮಾತು ತೆಗೆದರು. ಟೇಪ್ ಬಂದ್ ಮಾಡು ಎಂದರು. ಬಂದ್ ಮಾಡಿದೆ. ವೈರು ಕಿತ್ತಿಡು ಎಂದರು. ಕಿತ್ತಿಟ್ಟೆ.

ಡೇರೆಯಲ್ಲಿ ದೊರೆ ಕೇಳಿದ್ದು ಇಷ್ಟು: ನಿನ್ನ ಹುಟ್ಟೂರಿನಲ್ಲಿ ದಂಗೆಯವರಿಗೆ ಅನ್ನ ಹಾಕಿದವರು ಯಾರು, ಬರೆದು ಕೊಡು. ಜಮಾದಾರನಿಗೆ ಅಕ್ಷರ ಹೊಸದು. ದೊರೆಯ ಮೇಜು, ದೊರೆಯ ಕಾಗದ, ದೊರೆಯ ಲೇಖಣಿ. ದಂಡ ಹಾಕಿ ಬಿಡುತ್ತಾರೆಂದುಕೊಂಡು, ದುಂಡಗೆ, ಒಬ್ಬರ ಕೆಳಗೊಬ್ಬರನ್ನು ಬರೆಯುತ್ತಾ ಹೋದ. ಗೊತ್ತಿದ್ದವರೆಲ್ಲ ಮುಗಿದರು.

“ಕಾಗದದಾಗ ಜಾಗ ಉಳೀತು,” ಎಂದರು ಅಜ್ಜ.

ನನಗೆ ಅರ್ಥವಾಗಲಿಲ್ಲ.

“ಕೆಳಗ ಖಾಲಿ ಉಳೀತೋ ತಮ್ಮಾ. ಚಂದ ಕಾಣ್ಲಿಲ್ಲ. ಇನ್ನೊಂದಿಷ್ಟು ಹೆಸರು ತುಂಬ್ಸಿದ. ಏನೂ ಮಾಡದವ್ರು. ನೆನಪಿಗೆ ಬಂದವ್ರು.”

ಎಲ್ಲರನ್ನೂ ನೇಣು ಹಾಕಿದರಂತೆ. ಅಂದಿನಿಂದ ಈ ಮನೆಯ ಕಟ್ಟಳೆ: ಆ ಹೆಸರುಗಳನ್ನು ಮತ್ತೆ ಯಾರೂ ಬರೆಯಕೂಡದು. ಬಾಯಿಂದ ಕಿವಿಗೆ, ಹಿರಿಯನಿಂದ ಕಿರಿಯನಿಗೆ. ವರ್ಷಕ್ಕೊಮ್ಮೆ ಕತ್ತಿಯ ಮುಂದೆ ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಮನೆತನ ಹೇಳಿ, ಕೊನೆಗೆ ‘ನಾ ಬರೆದೆನು’ ಎನ್ನಬೇಕು. ಸತ್ತವರಿಗೆ ಕೇಳಿದರೆ ಸಾಕು, ಬದುಕಿದವರಿಗೆ ಬೇಡವೆಂದು ಸಮಾಳ. ಕೇಳಿ ಕಲಿತವನು ಸಾಯುವವರೆಗೂ ಹೇಳಬೇಕು, ಸಾಯುವ ಮೊದಲು ಇನ್ನೊಬ್ಬನಿಗೆ ದಾಟಿಸಬೇಕು. ಮಗನಿಗೆ ಇನ್ನೂ ದಾಟಿಸಿರಲಿಲ್ಲ.

“ಟೇಪಿಗೆ ಹೇಳ್ಬಿಡ್ರಿ ಅಜ್ಜಾ. ಅದೇನು ಕಾಗದ ಅಲ್ಲ, ಕಂದು ರಿಬ್ಬನ್ನು.”

“ನಾ ಇಲ್ದಾಗ ಬ್ಯಾರೇದವ್ನು ಗುಂಡಿ ಒತ್ತಿದ್ರೂ ಮಾತಾಡ್ತೈತಿಲ್ಲೋ?”

“ಆಡ್ತೈತೆ.”

“ಹಂಗಾರೆ ಅದೂ ಚೀಟಿನೇ.”



ಆ ಸಂಜೆ ಗಿರಣಿಗೆ ಹೋಗಿ ಸಾಹುಕಾರರನ್ನು ಹಿಡಿದೆ. ಹೊಟ್ಟಿನ ಧೂಳಿನಲ್ಲಿ ಅವರ ರೆಪ್ಪೆಗಳು ಬೆಳ್ಳಗಾಗಿದ್ದವು. ಒಂದು ಬೆಳಿಗ್ಗೆ ಅಪ್ಪನ ಬಳಿ ಕೂಡಿರಿ ಎಂದೆ. ಅವರು ನನ್ನನ್ನು ಗಿರಣಿಯ ಹಿಂಬದಿಗೆ, ಬೆಲ್ಟಿನ ಸದ್ದಿನೊಳಗೆ ಕರೆದುಕೊಂಡು ಹೋದರು. ಆ ಮನೆಯವರಿಗೆ ಗುಟ್ಟು ಹೇಳಲು ಸದ್ದು ಬೇಕು.

“ನಂಗ ಅರ್ಧ ಗೊತ್ತೈತ್ರಿ. ಅಪ್ಪಾರು ಮದ್ವಿಗಿಂತ ಮೊದ್ಲೇ ಹೇಳಾಕ ಬಂದಿದ್ರು. ನಾ ತಪ್ಪಿಸ್ಕೊಂಡೆ. ಈಗ ನಮ್ಮ ಮನಿಯಾಕಿ ತವರು ಜಮಾದಾರ್ರ ಅದೇ ಹುಟ್ಟೂರು. ಗಿರಣಿಗೆ ಭತ್ತ ಬರಾದೂ ಅಲ್ಲಿಂದ. ಆಕಿ ಮನಿತನ ಅದ್ರಾಗ ಐತೋ ಇಲ್ಲೋ ನಂಗೊತ್ತಿಲ್ಲ. ಕೇಳಿದ್ಮ್ಯಾಲೆ ಗೊತ್ತಿಲ್ಲ ಅನ್ನಾಕ ಬರ್ತೈತೇನ್ರಿ? ದಿನಾ ಆಕಿ ಕೈಯಾಗಿನ ರೊಟ್ಟಿ ಉಣ್ಣೋನು ನಾನು.”

“ಮತ್ತೆ ಅಜ್ಜಾರ ಗತಿ?”

“ಅಪ್ಪಾರ ಸಂಗಾಟ ಹೋಗ್ಲಿ ಬಿಡ್ರಿ ಅದು. ಸಮಾಳ ಒಂದು ತುಂಬಿ ಕೊಡ್ರಿ, ಸಾಕು.”

ನಾನು ಅವರನ್ನು ಅಣಕಿಸಬೇಕೆಂದುಕೊಂಡು ಹೋಗಿದ್ದೆ. ಆಗಲಿಲ್ಲ. ಅಪ್ಪನಿಗಾಗಿ ಗಿರಣಿ, ಆಸ್ಪತ್ರೆ, ಔಷಧದಂಗಡಿ ಎಂದು ತಿರುಗಿ ತಿರುಗಿ ಅವರ ಅಂಗಿಯ ಕಾಲರು ಹರಿದಿತ್ತು.

ಮರುದಿನ ಅಜ್ಜನಿಗೆ ಹೇಳಿದೆ: ಮಗ ಬರುವುದಿಲ್ಲ. ಅಜ್ಜ ನನ್ನ ಕಡೆ ತಿರುಗಿ, “ನೀ ಕೇಳ್ತೀಯೇನೋ?” ಎಂದರು.

“ನಾನು ಈ ಮನಿಯವ್ನಲ್ಲ ಅಜ್ಜಾ.”

“ದನಿ ಈ ಮನೀದೈತಲ್ಲ. ಅದು ಸಾಲ್ತೈತೆ. ಆದ್ರೆ ನೋಡು, ಕೇಳಿದ್ರೆ ಬಿಡಂಗಿಲ್ಲ. ವರ್ಷಾ ಬಂದು ಹೇಳ್ಬೇಕು.”

ನನಗೆ ಆಗ ಇಪ್ಪತ್ನಾಲ್ಕು. ಮಂತ್ರಿಗಳು, ಮಠದವರು, ಸಿನಿಮಾದವರು, ಮಾಲೀಕರು, ಮಾಲೀಕರ ಹೆಂಡತಿ, ಇಷ್ಟು ಜನ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ಇದ್ದರು. ಇನ್ನೊಬ್ಬ ಜಮಾದಾರ ಹೆಚ್ಚೇನೂ ಆಗಲಾರ ಎನಿಸಿತು. ಹ್ಞೂಂ ಎಂದೆ.

ಆ ಕಲಿಕೆಯ ಕ್ರಮ ಹೀಗಿತ್ತು. ಅಜ್ಜ ಸ್ನಾನ ಮುಗಿಸಿ ಲಿಂಗಪೂಜೆ ಮಾಡಿ ಬರುತ್ತಾರೆ. ಬಾಗಿಲು ಮುಚ್ಚುತ್ತೇವೆ. ಒಂದು ಹೆಸರು ಹೇಳುತ್ತಾರೆ. ಅದನ್ನು ನಾನು ಅವರ ದನಿಯಲ್ಲೇ, ಅವರ ಉಸಿರಿನಲ್ಲೇ ಹೇಳಬೇಕು. ‘ನಾ ಬರೆದೆನು’ ಎನ್ನುವಾಗ ‘ನಾ’ ಮೇಲೆ ಭಾರ ಬೀಳಬೇಕು. ‘ಬರೆದೆನು’ ಮೇಲೆ ಬಿದ್ದರೆ ತಪ್ಪು, ಮೊದಲಿನಿಂದ ಬಾ. ಹಳೆಯದು ಗಟ್ಟಿಯಾಗದ ಹೊರತು ಹೊಸದಿಲ್ಲ. ಕೆಲವು ದಿನ ಹೊಸ ಹೆಸರೇ ಬರುತ್ತಿರಲಿಲ್ಲ. ಒಬ್ಬನ ಹೆಸರು ಹೇಳುವಾಗ ನಾನು ಸುಮ್ಮನೆ ಚಂದ ಕಾಣಲೆಂದು ಸ್ವಲ್ಪ ಎಳೆದೆ, ಅಜ್ಜ ಮಂಚದ ಪಟ್ಟಿಗೆ ಕೈ ಬಡಿದು, “ಆಟ ಆಡ್ಬ್ಯಾಡ. ಅವ್ನಿಗೆ ಹೆಂಡ್ತಿ ಇದ್ಲು,” ಎಂದರು.

ಇತ್ತ ದನಿ ದಿನದಿನಕ್ಕೂ ಇಳಿಯುತ್ತಿತ್ತು. ಮೊದಲು ಎದೆಯ ಬುಡದ ದನಿ ಹೋಯಿತು. ಆಮೇಲೆ ಮೂಗಿನದು. ಉಳಿದದ್ದು ಒಣ ಎಲೆಯನ್ನು ಉಜ್ಜಿದಂಥ ಸದ್ದು. ಎಂಥ ವಿಚಿತ್ರ ನೋಡಿ: ಅಜ್ಜ ತಮ್ಮ ದನಿಯಲ್ಲಿ ಹೇಳಲಾಗದ್ದನ್ನು ನಾನು ಅವರ ದನಿಯಲ್ಲಿ ಹೇಳುತ್ತಿದ್ದೆ, ಅವರು ಅದನ್ನು ಕೇಳಿ ತಮ್ಮದೇ ದನಿ ತಪ್ಪಿದೆ ಎಂದು ತಿದ್ದುತ್ತಿದ್ದರು.

ಹೀಗಾದರೆ ಮುಗಿಯುವುದಿಲ್ಲವೆಂದು ನನಗೆ ಗಾಬರಿ. “ಅಜ್ಜಾ, ಎಲ್ಲಾ ಹೆಸರೂ ಒಂದೇ ಸಲಕ್ಕೆ ಹೇಳ್ಬಿಡ್ರಿ. ನಾ ಆಮ್ಯಾಲೆ ದನಿ ಕೂಡ್ರಿಸ್ಕೊಂತೀನಿ. ಹೊತ್ತಿಲ್ರಿ.”

ಅಜ್ಜ ತಲೆಯಲ್ಲಾಡಿಸಿದರು. ಬಗ್ಗಿ ಅವರ ಬಾಯಿಗೆ ಕಿವಿಯಿಟ್ಟೆ.

“ಹಂಗೆ ಗುಡ್ಡೆ ಹಾಕಿ ಬರೆದಿದ್ದಕ್ಕೇ ಸತ್ರು ಅವ್ರು. ಒಬ್ಬೊಬ್ರೇ ಬರ್ಲಿ.”

ಅರ್ಧದಷ್ಟು ಬಂದರು.

ಒಂದು ಬೆಳಿಗ್ಗೆ ನಾನು ಓಣಿಗೆ ತಿರುಗುವ ಹೊತ್ತಿಗೆ ಮನೆಯ ಮುಂದೆ ಬಾಡಿಗೆ ಕಾರು ನಿಂತಿತ್ತು. ಬಾಯಿಂದ ರಕ್ತ ಬಂದಿತ್ತಂತೆ. ಸೊಸೆ ಹಿಂದಿನ ಸೀಟಿನಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದರು. ಅಜ್ಜ ನನ್ನನ್ನು ನೋಡಿ ಕೈಯೆತ್ತಿದರು. ಎರಡು ಬೆರಳು ನನ್ನ ಕಡೆ ಬಾಗಿದವು, ಹತ್ತಿರ ಬಾ ಎಂದು. ಬಗ್ಗಿದೆ. ತುಟಿ ಆಡಿತು. ಸೊಸೆ, “ಮಾತಾಡಬ್ಯಾಡ್ರಿ ಮಾಮಾ, ಡಾಕ್ಟ್ರು ಬೈತಾರೆ,” ಎಂದು ಕರುಣೆಯಿಂದ ಅವರ ಬಾಯಿಯ ಮೇಲೆ ಸೆರಗು ಒತ್ತಿದರು. ಅಜ್ಜ ಅವರ ಮುಖ ನೋಡಿ ಬಾಯಿ ಮುಚ್ಚಿದರು. ಕಾರು ಹೊರಟಿತು.

ಗೊತ್ತುಮಾಡಿದ್ದ ದಿನಕ್ಕೆ ಕಾಯದೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಬಿಟ್ಟರು. ನೋಡಲು ಬಿಟ್ಟಾಗ ಕೊರಳಿನ ಬುಡದಲ್ಲಿ ಒಂದು ತೂತು, ಅದರಿಂದ ಉಸಿರು; ಮೂಗಿನಲ್ಲಿ ಅನ್ನದ ನಳಿಗೆ. ನಾನು ಪೇಟೆಯಿಂದ ಸ್ಲೇಟು, ಬಳಪ ತಂದುಕೊಟ್ಟೆ. ಅಜ್ಜನಿಗೆ ಅದು ಹಿಡಿಸಿತು. ‘ಫ್ಯಾನು ಜೋರು’ ಎಂದು ಬರೆದರು. ‘ನರ್ಸು ಒಳ್ಳೇಕಿ’ ಎಂದು ಬರೆದರು. ನನ್ನ ಬಗ್ಗೆ ‘ಕಳ್ಳ ಬಂದ’ ಎಂದು ಬರೆದು ತೋರಿಸಿದರು. ಸಾಹುಕಾರರು ಚೀಟಿ ಹಿಡಿದು ಔಷಧಕ್ಕೆ ಹೋದಾಗ ನಾನು ಸ್ಲೇಟನ್ನು ಒರೆಸಿ ಅವರ ಮುಂದಿಟ್ಟೆ.

“ಉಳಿದವ್ರು, ಅಜ್ಜಾ. ಒಬ್ಬೊಬ್ರೇ ಬರೀರಿ, ನಾ ಓದಿದ ಕೂಡ್ಲೆ ಒರೆಸ್ತೀನಿ. ಇದು ಕಾಗದ ಅಲ್ಲ. ಒರೆಸಿದ್ರೆ ಉಳಿಯಂಗಿಲ್ಲ.”

ಬಳಪವನ್ನು ಎತ್ತಿಕೊಂಡರು. ಸ್ಲೇಟಿಗೆ ತಾಗಿಸಿದರು ಕೂಡ. ಒಂದು ಬಿಳಿ ಚುಕ್ಕೆ ಮೂಡಿತು. ಅಲ್ಲಿಗೆ ಕೈ ನಿಂತಿತು. ಬಳಪವನ್ನು ಕೆಳಗಿಟ್ಟು, ಸ್ಲೇಟನ್ನು ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು. ನಾನು ಬೇಡಿಕೊಂಡೆ. ಜಗಳವನ್ನೂ ಆಡಿದೆ. ಇಷ್ಟು ವರ್ಷ ಕಾದದ್ದೆಲ್ಲ ನೀರಾಗುತ್ತದೆ, ಸತ್ತವರಿಗೆ ಬೇಕಾಗಿರುವುದು ನಿಮ್ಮ ಕಟ್ಟಳೆಯಲ್ಲ, ಅವರ ಹೆಸರು ಎಂದೆ. ಕಣ್ಣು ತೆರೆಯಲಿಲ್ಲ. ನೀರು ಮಾತ್ರ ಕಿವಿಯ ಕಡೆ ಇಳಿಯಿತು.

ಮಹಾನವಮಿಗೆ ಅವರನ್ನು ಮನೆಗೆ ಕರೆತಂದರು. ಪಡಸಾಲೆಯಲ್ಲಿ ಮಣೆಯ ಮೇಲೆ ಕತ್ತಿ, ಕುಂಕುಮ, ಚೆಂಡುಹೂವು. ಅಜ್ಜ ಕುರ್ಚಿಯಲ್ಲಿ ರುಮಾಲು ಸುತ್ತಿ ಕೂತರು. ಕೊರಳಿನ ತೂತಿನ ಮೇಲೆ ಬಿಳಿ ಬಟ್ಟೆ, ಉಸಿರಿಗೆ ಏಳುತ್ತಾ ಬೀಳುತ್ತಾ. ಕತ್ತಿ ಅವರ ಕೈಯಲ್ಲಿ. ನಾನು ಪಕ್ಕದಲ್ಲಿ ನಿಂತು ಸೇವೆ ಶುರು ಮಾಡಿದೆ. ‘ಅಹಹಾ’ ಎಂದದ್ದೇ ಒಳಗಿದ್ದ ಹೆಂಗಸರು ಹೊರಗೆ ಬಂದರು, ಅಜ್ಜನಿಗೆ ಮಾತು ಬಂತೆಂದು. ಅಂಥ ಶಹಬ್ಬಾಸ್‌ಗಿರಿ ನನ್ನ ಕಸುಬಿನಲ್ಲಿ ಮತ್ತೆ ಸಿಕ್ಕಿಲ್ಲ. ಬೇಕಾಗಿಯೂ ಇರಲಿಲ್ಲ.

ಡೇರೆ ಬಂತು. ಸಮಾಳ ಬಿತ್ತು. ಅಜ್ಜ ಕತ್ತಿ ಮೇಲೆತ್ತಿದರು. ನನಗೆ ಬಂದ ಹೆಸರುಗಳನ್ನು ನಾನು ಒಂದೊಂದಾಗಿ, ತಂದೆಯ ಹೆಸರು ಸಹಿತ, ಮನೆತನ ಸಹಿತ ಹೇಳಿದೆ. ನಾ ಬರೆದೆನು. ನಾ ಬರೆದೆನು. ಕಲಿತದ್ದು ಮುಗಿಯಿತು. ಬಾಯಿ ಮುಚ್ಚಿ ಅಜ್ಜನತ್ತ ನೋಡಿದೆ.

ಕತ್ತಿ ಇಳಿಯಲಿಲ್ಲ. ಅಜ್ಜ ಕತ್ತಿಯನ್ನೇ ನೋಡುತ್ತಾ, ನಾನು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಿದ್ದರು. ತುಟಿ ಆಡುತ್ತಿತ್ತು, ನಿಲ್ಲುತ್ತಿತ್ತು, ‘ನಾ ಬರೆದೆನು’ವಿನ ಆಕಾರ ತಾಳುತ್ತಿತ್ತು, ಮತ್ತೆ ಆಡುತ್ತಿತ್ತು. ಆದರೆ ಉಸಿರು ಬಾಯಿಯ ತನಕ ಬರುತ್ತಲೇ ಇರಲಿಲ್ಲ. ಕೊರಳಿನ ಬಟ್ಟೆಯ ಕೆಳಗೇ ಹೊರಬೀಳುತ್ತಿತ್ತು. ಕಡರನಾಯಕನಹಳ್ಳಿಯವರು ಬೆವರು ಸುರಿಸುತ್ತಾ ಬಾರಿಸುತ್ತಿದ್ದರು, ಏನೂ ಇಲ್ಲದ್ದನ್ನು ಯಾರೂ ಕೇಳದಂತೆ. ನಾನು ಆ ತುಟಿಗಳನ್ನು ಕಣ್ಣು ಕೀಳದೆ ನೋಡಿದೆ. ಎಲ್ಲಿ ಅಗಲ, ಎಲ್ಲಿ ಮುಚ್ಚು, ಎಲ್ಲಿ ಹಲ್ಲಿಗೆ ನಾಲಗೆ, ಎಲ್ಲವನ್ನೂ ಹಿಡಿದುಕೊಂಡೆ. ಹೆಸರು ಒಂದೂ ಸಿಗಲಿಲ್ಲ.

ಚಳಿ ಕಳೆಯುವ ಮೊದಲೇ ಅಜ್ಜ ತೀರಿಕೊಂಡರು. ಮಣ್ಣಾಗಿ ಕೆಲವು ವಾರಕ್ಕೆ ಸಾಹುಕಾರರು ಕ್ಯಾಸೆಟ್ಟಿನ ಪ್ರತಿಗಳನ್ನು ಒಯ್ಯಲು ಸ್ಟುಡಿಯೋಕ್ಕೆ ಬಂದರು. ತೆಗೆದುಕೊಂಡು ಹೋಗಬಹುದಿತ್ತು. ಕೂತರು. ಮಾಲೀಕರು ಚಹಾ ಹೇಳಲು ಹೊರಗೆ ಹೋದದ್ದನ್ನು ನೋಡಿಕೊಂಡು ಕೇಳಿದರು.

“ಅದ್ರಾಗ ನಮ್ಮ ಮನಿಯಾಕಿ ತವರಿನ ಮನಿತನ ಇತ್ತೇನ್ರಿ?”

“ನಂಗೆ ಬಂದಷ್ಟ್ರಾಗ ಇಲ್ರಿ ಸಾವ್ಕಾರ್ರೇ.”

ಅವರ ಹೆಗಲು ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯಾಯಿತು.

“ಉಳಿದದ್ರಾಗ?”

ಮೊಟ್ಟೆ ಟ್ರೇಯ ಕೋಣೆಯಲ್ಲಿ ಮೌನ ಬಹಳ ಗಟ್ಟಿಯಾಗಿರುತ್ತದೆ, ಕಿವಿ ಒತ್ತಿದಂತಾಗುತ್ತದೆ. ಅವರು ಕೀಲಿ ತಿರುಗಿಸುತ್ತಾ ಕೂತಿದ್ದರು. “ಒಂದು ಬೆಳಿಗ್ಗಿ ಕೂತಿದ್ರೆ ಮುಗೀತಿತ್ತು,” ಎಂದರು. ನನಗೆ ಹೇಳಿದ್ದಲ್ಲ. ಎದ್ದು ಹೋಗುವಾಗ, “ಮಾನಮಿಗೆ ನೀವೇ ಬರ್ರಿ. ಕ್ಯಾಸೆಟ್ ಬ್ಯಾಡ,” ಎಂದರು.

ಹೋದೆ. ಈ ಸಲ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತವರು ಸಾಹುಕಾರರು, ಕತ್ತಿ ಅವರ ಕೈಯಲ್ಲಿ. ಸಮಾಳದ ಕೆಳಗೆ ನನಗೆ ಬಂದ ಹೆಸರುಗಳನ್ನು ಹೇಳಿ ಮುಗಿಸಿದೆ. ಕತ್ತಿ ಇಳಿಯಬೇಕಿತ್ತು. ಅವರು ಇಳಿಸಲಿಲ್ಲ. ತೋಳು ನಡುಗುತ್ತಿದ್ದರೂ ಮೇಲಕ್ಕೇ ಹಿಡಿದು, ನನ್ನ ಬಾಯಿಯನ್ನು ನೋಡುತ್ತಿದ್ದರು. ಅಪ್ಪನ ಬಳಿ ಇದ್ದದ್ದು ಇಲ್ಲಿ ಎಲ್ಲಾದರೂ ಉಳಿದಿರಬಹುದೆಂದು ನೋಡುವವರಂತೆ.

ನಾನು ಅಜ್ಜನ ತುಟಿಗಳನ್ನು ಹಾಕಿಕೊಂಡೆ. ಅಗಲ, ಮುಚ್ಚು, ಹಲ್ಲಿಗೆ ನಾಲಗೆ, ನಿಲುಗಡೆ. ಒಬ್ಬನ ಆಕಾರ ಮುಗಿದು ಇನ್ನೊಬ್ಬನ ಆಕಾರ. ಒಳಗೆ ಯಾರೂ ಇರಲಿಲ್ಲ. ಒಂದು ಆಕಾರವೂ ತಪ್ಪಲಿಲ್ಲ. ಸಮಾಳದವರು ಬಾರಿಸುತ್ತಲೇ ಇದ್ದರು. ಕಡೆಗೆ ಸಾಹುಕಾರರ ತೋಳು ತಾನಾಗಿಯೇ ಕೆಳಗೆ ಬಂತು.

ಊಟಕ್ಕೆ ಕೂತಾಗ ಸೊಸೆ ಹೋಳಿಗೆಯ ಬುಟ್ಟಿ ಹಿಡಿದು ಬಂದರು. ಕಣ್ಣು ಕೆಂಪಗಿದ್ದವು.

“ಕಡೀಗೆ ಬಾಯಿ ಆಡ್ಸಿದ್ರಲ್ಲ, ಥೇಟ್ ನಮ್ಮ ಮಾವನೋರೇ ನೋಡ್ರಿ. ಏನ್ರಿ ಹೇಳ್ತಾರೆ ಅಲ್ಲಿ?”

ಪಂಕ್ತಿಯ ಆ ತುದಿಯಲ್ಲಿ ಸಾಹುಕಾರರ ಕೈ ಎಲೆಯ ಮೇಲೆ ನಿಂತಿತು.

“ದೇವ್ರ ಹೆಸ್ರು ಅಕ್ಕಾರೇ.”

“ಅಷ್ಟೊಂದು ದೇವ್ರಾ!” ಎಂದರು ಅವರು. “ಅಷ್ಟೂ ಬಾಯಿಪಾಠ ಐತಲ್ಲ ನಿಮಗ, ಪುಣ್ಯವಂತ್ರು ಬಿಡ್ರಿ,” ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದಕ್ಕೆ ಹೋದರು.